ಮನೆ ಕೆಡವುವ ಮುಂಚೆ ಯಾವ ಗಿಡ ಎತ್ತಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಾತ ಕಟ್ಟಿಸಿದ ಹೆಂಚಿನ ಮನೆಯಿದೆ. ಜೂನ್ ಮೊದಲ ವಾರ ಅದನ್ನು ಕೆಡವಿಸಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಈಗ ಏಪ್ರಿಲ್ ಮಧ್ಯ. ಕಾಂಪೌಂಡಿನೊಳಗೆ ಗೇಟಿನ ಪಕ್ಕ ತೊಡೆ ದಪ್ಪದ ಬೋಗನ್‌ವಿಲ್ಲಾ, ಬಾವಿ ಹತ್ತಿರ ಹಳೇ ದಾಳಿಂಬೆ, ಮುಂದುಗಡೆ ಕಾಮಿನಿ ಬೇಲಿ, ಎರಡು ಥೂಜಾ, ದಾಸವಾಳ, ಪಾರಿಜಾತ, ಹಿತ್ತಲಲ್ಲಿ ದೊಡ್ಡ ಸಂಪಿಗೆ, ಬಚ್ಚಲುಮನೆ ಗೋಡೆಯಲ್ಲಿ ತಾನಾಗೇ ಹುಟ್ಟಿದ ಅರಳಿ, ಇಷ್ಟಿವೆ. ಎಲ್ಲವೂ ಜೆಸಿಬಿ ಪಾಲಾಗುತ್ತವಲ್ಲ ಅಂತ ಹೊಟ್ಟೆ ಉರಿಯುತ್ತದೆ. ಎರಡು ವರ್ಷದಿಂದ ನರ್ಸರಿ ಗಿಡ ತಂದು ಬೋನ್ಸಾಯ್ ಕಲಿಯುತ್ತಿದ್ದೇನೆ. ಇವುಗಳನ್ನು ಬೋನ್ಸಾಯ್ ಮಾಡಿ ಉಳಿಸಿಕೊಳ್ಳಬಹುದಾ? ಅರಳಿಯನ್ನು ಮನೆಯಲ್ಲಿ ಇಡಬಾರದು ಅಂತ ಅಮ್ಮ ಹೇಳ್ತಾರೆ. ಅದು ನಿಜವಾ?

ಉತ್ತರ: ಕೆಲವನ್ನು ಖಂಡಿತ ಉಳಿಸಿಕೊಳ್ಳಬಹುದು. ಆದರೆ ಎಲ್ಲವನ್ನೂ ಉಳಿಸಲು ಹೊರಟರೆ ಒಂದೂ ಉಳಿಯುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಹಳೇ ಬುಡವನ್ನು ಸರಿಯಾಗಿ ಎತ್ತಿ, ನೆಟ್ಟು, ನೆರಳಲ್ಲಿ ಕೂರಿಸುವುದಕ್ಕೆ ಇಬ್ಬರಿಗೆ ಪೂರ್ತಿ ಒಂದು ದಿನ ಬೇಕು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ನಿಮಗೆ ಅಂಥ ದಿನ ಎಷ್ಟು ಸಿಕ್ಕಾವು? ನಿಮ್ಮ ಪಟ್ಟಿಯಲ್ಲಿ ಎತ್ತುವಂಥವು ನಾಲ್ಕು: ಬೋಗನ್‌ವಿಲ್ಲಾ, ದಾಳಿಂಬೆ, ಕಾಮಿನಿ ಬೇಲಿಯಿಂದ ಆರಿಸಿದ ಎರಡೋ ಮೂರೋ ಬುಡ, ಮತ್ತೆ ಅರಳಿ. ಉಳಿದವುಗಳಿಗೆ ಬೇರೆ ದಾರಿ ಹೇಳುತ್ತೇನೆ.

ನರ್ಸರಿ ಗಿಡದಲ್ಲಿ ಕಲಿತವರು ಇಲ್ಲಿ ಒಂದು ಅಭ್ಯಾಸ ಬಿಡಬೇಕು. ನರ್ಸರಿಯಲ್ಲಿ ನಾವು ಕೊಂಬೆ, ಎಲೆ, ಆಕಾರ ನೋಡಿ ಗಿಡ ಆರಿಸುತ್ತೇವೆ. ಅಂಗಳದ ಹಳೇ ಗಿಡದಲ್ಲಿ ಅವ್ಯಾವುವೂ ಲೆಕ್ಕಕ್ಕಿಲ್ಲ. ನೀವು ಉಳಿಸುತ್ತಿರುವುದು ನೆಲಕ್ಕೆ ಅಂಟಿದ ಕೊನೆಯ ಒಂದು ಅಡಿಯನ್ನು ಮಾತ್ರ. ಮಿಕ್ಕಿದ್ದೆಲ್ಲ ಕತ್ತರಿಸಿ ಹೋಗುತ್ತದೆ, ಆಮೇಲೆ ಹೊಸದಾಗಿ ಬೆಳೆಯುತ್ತದೆ. ಕುಂಡದಲ್ಲಿ ಎಷ್ಟೇ ವರ್ಷ ಸಾಕಿದರೂ ಕಾಂಡ ಅಷ್ಟು ಸುಲಭವಾಗಿ ದಪ್ಪ ಆಗುವುದಿಲ್ಲ. ನೆಲದಲ್ಲಿ ಬೇರು ಬಿಟ್ಟ ಗಿಡಕ್ಕೆ ಮಾತ್ರ ಆ ದಪ್ಪ ಬರುತ್ತದೆ. ನಿಮ್ಮ ತಾತನ ಕಾಲದ ಗಿಡ ನಿಮಗೆ ಪುಕ್ಕಟೆ ಕೊಡುತ್ತಿರುವುದು ಅದನ್ನೇ.

ಹಾಗಾಗಿ ನಾಳೆ ಬೆಳಿಗ್ಗೆ ಮೊದಲ ಕೆಲಸ ಅಗೆಯುವುದಲ್ಲ, ಕೆರೆಯುವುದು. ಪ್ರತಿ ಗಿಡದ ಬುಡದಲ್ಲಿ ಎರಡು ಮೂರು ಇಂಚು ಮಣ್ಣನ್ನು ಕೈಯಿಂದ, ಬೇಕಾದರೆ ಸಣ್ಣ ಗುದ್ದಲಿಯಿಂದ ಸರಿಸಿ ನೋಡಿ. ಹಳೇ ಅಂಗಳದಲ್ಲಿ ವರ್ಷ ವರ್ಷ ಕಸ, ಗೊಬ್ಬರ, ಮಣ್ಣು ಬಿದ್ದು ಬುಡದ ಅಸಲಿ ಭಾಗ ಒಳಗೆ ಹೂತು ಹೋಗಿರುತ್ತದೆ. ಮೇಲಿಂದ ನೋಡಿದರೆ ಕಂಬ ನೆಟ್ಟ ಹಾಗೆ ಕಾಣುವ ಗಿಡ, ಮಣ್ಣು ಸರಿಸಿದ ಮೇಲೆ ಅಗಲವಾಗಿ, ನಾಲ್ಕೂ ಕಡೆ ಬೇರು ಚಾಚಿ ಕೂತಿರುವುದು ಕಾಣಬಹುದು. ಜಪಾನಿನವರು ನೆಬಾರಿ ಅನ್ನುವುದು ಈ ಹರವಿಗೇ. ಬುಡ ದಪ್ಪ ಇದ್ದು ಮೇಲೆ ಹೋದ ಹಾಗೆ ಸಣ್ಣಗಾಗಿದ್ದರೆ ಒಳ್ಳೆಯದು. ತುಸು ವಾಲಿದ್ದರೆ, ತಿರುಚಿದ್ದರೆ, ಹಳೇ ಗಾಯ ಪೊಟರೆಯಾಗಿದ್ದರೆ ಇನ್ನೂ ಒಳ್ಳೆಯದು. ಬರೀ ಒಂದು ಕಡೆ ಒಂದೇ ದಪ್ಪ ಬೇರು, ಮೇಲಿಂದ ಕೆಳಗಿನವರೆಗೂ ಒಂದೇ ಸೈಜು ಅನ್ನುವ ಗಿಡವನ್ನು ಎಷ್ಟೇ ಪ್ರೀತಿ ಇದ್ದರೂ ಬಿಡಿ. ಒಂದು ಅಡಿಯಲ್ಲಿ ಏನೂ ಕಥೆ ಇಲ್ಲದ ಕಾಂಡ ಹತ್ತು ವರ್ಷ ಆದಮೇಲೂ ಹಾಗೇ ಇರುತ್ತದೆ.

ಇನ್ನೊಂದು ಪರೀಕ್ಷೆ: ಎಲೆಯಿಲ್ಲದ ಹಳೇ ಕಾಂಡದಿಂದ ಆ ಜಾತಿ ಚಿಗುರುತ್ತದಾ? ಬೋಗನ್‌ವಿಲ್ಲಾ, ಅರಳಿ, ಆಲ, ಅತ್ತಿ, ದಾಳಿಂಬೆ, ಸೀಬೆ, ಕಾಮಿನಿ, ಡ್ಯುರಾಂಟಾ ಇವೆಲ್ಲ ಬೋಳು ಬುಡದಿಂದಲೇ ಕಣ್ಣು ಬಿಡುತ್ತವೆ. ಥೂಜಾ ಬಿಡುವುದಿಲ್ಲ. ಅದರ ಹಸಿರು ಇರುವುದು ಹೊರಗಿನ ಪದರದಲ್ಲಿ ಮಾತ್ರ. ಒಳಗಿನ ಕಂದು ಕಡ್ಡಿಗೆ ಕತ್ತರಿ ಹಾಕಿದರೆ ಆ ಕೊಂಬೆ ಅಲ್ಲಿಗೆ ಮುಗಿಯಿತು. ಆದ್ದರಿಂದ ನಿಮ್ಮ ಎರಡು ಥೂಜಾವನ್ನು ಪಟ್ಟಿಯಿಂದ ಹೊಡೆದುಹಾಕಿ. ದಾಸವಾಳ ಚಿಗುರುತ್ತದೆ, ನಿಜ. ಆದರೆ ಹೂವಿನ ಅಳತೆ ಸಣ್ಣಗಾಗುವುದಿಲ್ಲ. ಕೊಂಬೆ ಯಾವಾಗ ಬೇಕಾದರೂ ಒಣಗಿ ಕೈಕೊಡುತ್ತದೆ. ಬಿಳಿ ಹಿಟ್ಟು ತಿಗಣೆ ಬೇರೆ. ಪೆನ್ಸಿಲ್ ದಪ್ಪದ ನಾಲ್ಕು ಕಡ್ಡಿ ನೆಟ್ಟುಕೊಂಡರೆ ಅದೇ ದಾಸವಾಳ ಹೊಸ ಮನೆಗೂ ಬರುತ್ತದೆ, ಅಮ್ಮನ ಪೂಜೆಗೂ ಆಗುತ್ತದೆ. ಪಾರಿಜಾತದ ಎಲೆ ಒರಟು, ದೊಡ್ಡದು, ಬೋನ್ಸಾಯ್‌ಗೆ ಒಗ್ಗದು. ಗಿಡದಲ್ಲಿ ಒಣಗಿ ನಿಂತ ಚಪ್ಪಟೆ ಕಾಯಿ ಇದ್ದರೆ ಆರಿಸಿಟ್ಟುಕೊಳ್ಳಿ, ಬೀಜದಿಂದ ಚೆನ್ನಾಗಿ ಏಳುತ್ತದೆ.

ಸಂಪಿಗೆ ಬೋನ್ಸಾಯ್ ಲೆಕ್ಕವೇ ಅಲ್ಲ, ಅದು ಕಾಗದಪತ್ರದ ಲೆಕ್ಕ. ಸ್ವಂತ ಕಾಂಪೌಂಡಿನ ಮರವಾದರೂ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ಕಂಟ್ರಾಕ್ಟರ್ "ನಾನ್ ನೋಡ್ಕೋತೀನಿ ಬಿಡಿ ಸಾರ್" ಅಂದರೆ ನಂಬಿ ಕೂರಬೇಡಿ, ಅರಣ್ಯ ಇಲಾಖೆಯ ಕಚೇರಿಗೆ ನೀವೇ ಹೋಗಿ ವಿಚಾರಿಸಿ. ಕೆಲಸ ಜೂನ್‌ನಲ್ಲಿ ಅಂದರೆ ಅರ್ಜಿ ಈ ವಾರವೇ ಹೋಗಬೇಕು. ಅದಕ್ಕೂ ಮುಂಚೆ ನಕ್ಷೆ ಹಾಕಿದ ಎಂಜಿನಿಯರ್ ಹತ್ತಿರ ಒಮ್ಮೆ ಕೂತು, ಮರ ಉಳಿಸಿಕೊಂಡು ಕಟ್ಟಲು ಆಗುತ್ತಾ ಕೇಳಿ. ಎಷ್ಟೋ ಸಲ ಕಾರು ನಿಲ್ಲಿಸುವ ಜಾಗ ನಾಲ್ಕು ಅಡಿ ಸರಿಸಿದರೆ ಸಾಕಿರುತ್ತದೆ.

ಈಗ ಎತ್ತುವ ಗಿಡಗಳಿಗೆ ಬರೋಣ. ಎಲ್ಲವನ್ನೂ ಒಂದೇ ದಿನ ಎತ್ತುವುದಲ್ಲ. ಬೋಗನ್‌ವಿಲ್ಲಾವನ್ನು ಈಗಲೇ ಎತ್ತಿ. ದಾಳಿಂಬೆ, ಕಾಮಿನಿಗೆ ಈಗ ಅರ್ಧ ಕೆಲಸ ಮಾಡಿ, ಮಿಕ್ಕರ್ಧ ಮೇ ಕೊನೆಗೆ. ಅರಳಿಯನ್ನು ಗೋಡೆ ಒಡೆಯುವ ದಿನವೇ ತೆಗೆಯಬೇಕು. ಕಾಲ ನಿಮ್ಮ ಕಡೆಗಿದೆ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ. ಮಳೆ ನಾಲ್ಕು ಹನಿ ಹೊಯ್ದು ಸೆಕೆ ಏರುವ ಈ ದಿನಗಳಲ್ಲಿ ಹಳೇ ಕಾಂಡ ಚಿಗುರುವಷ್ಟು ಚೆನ್ನಾಗಿ ಚಳಿಗಾಲದಲ್ಲಿ ಚಿಗುರದು. ಡಿಸೆಂಬರ್‌ನಲ್ಲಿ ಕೇಳಿದ್ದರೆ ನಾನು ಇಷ್ಟು ಧೈರ್ಯ ಕೊಡುತ್ತಿರಲಿಲ್ಲ.

ಬೋಗನ್‌ವಿಲ್ಲಾ ಹೊಸಬರಿಗೆ ಹೇಳಿ ಮಾಡಿಸಿದ ಗಿಡ. ಮೊದಲು ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಮೇಲಿನ ಬಳ್ಳಿ ಎಲ್ಲ ತೆಗೆದುಬಿಡಿ, ಇಲ್ಲದಿದ್ದರೆ ಮುಳ್ಳು ನಿಮ್ಮನ್ನು ಬುಡದ ಹತ್ತಿರ ಬಿಡುವುದಿಲ್ಲ. ಎಷ್ಟು ಎತ್ತರಕ್ಕೆ ಕಡಿಯಬೇಕು? ಬೋನ್ಸಾಯ್‌ನಲ್ಲಿ ಸಾಮಾನ್ಯ ಲೆಕ್ಕ, ಮರದ ಕೊನೆಯ ಎತ್ತರ ಬುಡದ ದಪ್ಪದ ಆರು ಪಟ್ಟು. ನಿಮ್ಮ ಬುಡ ಅಡ್ಡಲಾಗಿ ಐದು ಇಂಚು ಇದ್ದರೆ ಮರ ಎರಡೂವರೆ ಅಡಿ. ಆದರೆ ಎರಡೂವರೆ ಅಡಿಗೇ ಕಡಿದರೆ ತುದಿ ಮೊಂಡಾಗಿ ಉಳಿಯುತ್ತದೆ. ಮೂರರಲ್ಲಿ ಒಂದು ಭಾಗಕ್ಕೆ, ಅಂದರೆ ಹತ್ತು ಇಂಚಿಗೆ ಇಳಿಸಬೇಕು. ಮಿಕ್ಕಿದ್ದನ್ನು ಹೊಸ ಚಿಗುರಿನಿಂದ ಬೆಳೆಸಿಕೊಳ್ಳಬೇಕು. ಈ ಜಾತಿಯಲ್ಲಿ ಕತ್ತರಿಸಿದ ಜಾಗದಿಂದ ಒಂದೆರಡು ಇಂಚು ಕೆಳಗಿನವರೆಗೆ ಒಣಗುವ ಚಾಳಿ ಇದೆ. ಅದಕ್ಕೇ ಈಗ ಹನ್ನೆರಡು, ಹದಿಮೂರು ಇಂಚು ಬಿಡಿ. ಗರಗಸದ ಗಾಯ ಸ್ವಲ್ಪ ಓರೆ ಇರಲಿ, ನೀರು ನಿಲ್ಲಬಾರದು. ಬೋಗನ್‌ವಿಲ್ಲಾದ ಕಾಂಡ ಒಳಗೆ ಗಟ್ಟಿ ಮರವಲ್ಲ, ಪದರ ಪದರವಾದ ಮೆತ್ತನೆ ನಾರು. ನೀರು ಒಳಗೆ ಇಳಿದರೆ ಬೇಗ ಕೊಳೆಯುತ್ತದೆ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ತೋಟದ ನೆಂಟರಿದ್ದರೆ ಅವರಿಗೆ ಇದು ಕರತಲಾಮಲಕ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ನಿಮಗೆ ಅದರ ಹತ್ತನೇ ಒಂದು ಭಾಗವೂ ಬೇಡ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ, ಕಬ್ಬಿಣದ ಪಾತ್ರೆ ಬೇಡ.

ಬುಡದಿಂದ ಒಂದು ಅಡಿ ದೂರಕ್ಕೆ ಸುತ್ತ ಹಾರೆಯಲ್ಲಿ ಕಾಲುವೆ ತೆಗೆಯಿರಿ. ದಪ್ಪ ಬೇರು ಸಿಕ್ಕ ಕಡೆ ಹಾರೆಯಿಂದ ಜಜ್ಜಬೇಡಿ, ಗರಗಸದಲ್ಲಿ ಕೊಯ್ಯಿರಿ. ಜಜ್ಜಿದ ಬೇರು ಒಳಗೊಳಗೇ ಕೊಳೆಯುತ್ತದೆ. ಕೊಯ್ದ ಬೇರು ಹೊಸ ಬೇರು ಬಿಡುತ್ತದೆ. ಮಣ್ಣಿನ ಹೆಂಟೆ ಉದುರಿಹೋದರೂ ತಲೆ ಕೆಡಿಸಿಕೊಳ್ಳಬೇಡಿ. ಬೋಗನ್‌ವಿಲ್ಲಾ ಬುಡ ಅಂದರೆ ಒಂದು ದೊಡ್ಡ ಕಡ್ಡಿ ಅಂತಲೇ ತಿಳಿದುಕೊಳ್ಳಿ, ಆರೇಳು ಇಂಚಿನ ತುಂಡು ಬೇರು ಇದ್ದರೂ ಬದುಕುತ್ತದೆ. ಕತ್ತರಿಸಿದ ಬೇರಿನ ತುದಿಗೆ ಬೇರು ಬರಿಸುವ ಪುಡಿ ಹಚ್ಚಿದರೆ ಒಳ್ಳೆಯದು. ಅರಿಶಿನ ಹಚ್ಚುವವರೂ ಇದ್ದಾರೆ. ಅದರಿಂದ ಕೆಡುಕೇನಿಲ್ಲ, ಆದರೆ ಬೇರು ಬರಿಸುವ ಪುಡಿಯ ಕೆಲಸವನ್ನು ಅರಿಶಿನ ಮಾಡುವುದಿಲ್ಲ.

ಕಾಮಿನಿಯ ಸ್ವಭಾವ ಇದಕ್ಕೆ ಪೂರ್ತಿ ಉಲ್ಟಾ. ಬೇಲಿಯ ಎದುರು ನಿಂತರೆ ಹಸಿರು ಗೋಡೆ ಮಾತ್ರ ಕಾಣುತ್ತದೆ. ಮಂಡಿಯೂರಿ ಎಲೆ ಸರಿಸಿ ಒಳಗೆ ಇಣುಕಿ ನೋಡಿ. ಕತ್ತರಿ ತಿಂದು ತಿಂದು ಗಂಟುಕಟ್ಟಿದ ಬುಡಗಳು, ಬೆಳಕು ಹುಡುಕಿಕೊಂಡು ಅಡ್ಡಡ್ಡ ಹೋದ ಕಾಂಡಗಳು, ನಸು ಹಳದಿ ತೊಗಟೆ, ಅಲ್ಲಲ್ಲಿ ಗಾಯ ಮುಚ್ಚಿದ ತುಟಿಗಳು ಕಾಣುತ್ತವೆ. ಬೋನ್ಸಾಯ್ ಮಾಡುವವರು ವರ್ಷಗಟ್ಟಲೆ ತಂತಿ ಸುತ್ತಿ ಪಡೆಯುವುದನ್ನು ನಿಮ್ಮ ಮನೆಯ ಮಾಲಿ ಗೊತ್ತಿಲ್ಲದೇ ಮಾಡಿಟ್ಟಿದ್ದಾನೆ. ಸಾಲಿನ ತುದಿಯ ಗಿಡಗಳನ್ನು ಮೊದಲು ನೋಡಿ. ಅವಕ್ಕೆ ಒಂದು ಕಡೆಯಾದರೂ ಜಾಗ ಸಿಕ್ಕಿರುತ್ತದೆ, ಬೇರಿನ ಹರವು ಚೆನ್ನಾಗಿರುತ್ತದೆ. ನಡುವಿನವು ಒಂದರ ಬೇರಲ್ಲಿ ಇನ್ನೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಎತ್ತಲು ಪಕ್ಕದ ಎರಡನ್ನು ಬಲಿ ಕೊಡಬೇಕಾಗುತ್ತದೆ. ಹೇಗೂ ಹೋಗುವ ಬೇಲಿ ತಾನೇ, ಕೊಡಿ. ಕೈ ಹಾಕುವ ಮುಂಚೆ ಕೋಲಲ್ಲಿ ಒಮ್ಮೆ ತಟ್ಟಿ. ಹಳೇ ಬೇಲಿಯ ಬುಡ ಹಾವಿಗೂ ಇಷ್ಟದ ಜಾಗ.

ಕಾಮಿನಿ ಬೇರು ಬರಿದಾಗುವುದನ್ನು ಸಹಿಸುವುದಿಲ್ಲ. ಮಣ್ಣಿನ ಹೆಂಟೆ ಸಮೇತ ಬರಬೇಕು. ಅದಕ್ಕೇ ಈಗಲೇ ಅರ್ಧ ಕೆಲಸ ಮಾಡಿ ಅಂದದ್ದು. ಆರಿಸಿದ ಬುಡದ ಸುತ್ತ, ಕಾಂಡದಿಂದ ಒಂದು ಅಡಿ ಬಿಟ್ಟು, ಅರ್ಧ ಸುತ್ತು ಮಾತ್ರ ಒಂದೂಕಾಲು ಅಡಿ ಆಳದ ಕಾಲುವೆ ತೆಗೆಯಿರಿ. ಸಿಕ್ಕ ಬೇರನ್ನು ಶುದ್ಧವಾಗಿ ಕತ್ತರಿಸಿ. ಕಾಲುವೆಗೆ ಮರಳು, ಎಲೆಗೊಬ್ಬರ ಅರ್ಧರ್ಧ ತುಂಬಿ. ಮೇಲಿನ ಸೊಪ್ಪನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ. ದಿನ ಬಿಟ್ಟು ದಿನ ನೀರು ಕೊಡಿ. ಐದಾರು ವಾರದಲ್ಲಿ ಆ ಸಡಿಲ ಮಣ್ಣಿನಲ್ಲಿ ಬಿಳಿ ಬೇರು ಇಳಿದಿರುತ್ತದೆ. ಮೇ ಕೊನೆಗೆ ಉಳಿದರ್ಧ ಸುತ್ತು ತೆಗೆದು, ಅಡಿಯ ತಾಯಿ ಬೇರು ಕೊಯ್ದು, ಗೋಣಿಚೀಲ ಒಳಗೆ ತೂರಿಸಿ, ಸುತಲಿಯಲ್ಲಿ ಬಿಗಿಯಾಗಿ ಕಟ್ಟಿ ಎತ್ತಿ. ಸಮಯ ಇದ್ದಿದ್ದರೆ ಈ ಎರಡು ಅರ್ಧಗಳ ನಡುವೆ ಆರು ತಿಂಗಳೋ ವರ್ಷವೋ ಬಿಡುವುದು ಇನ್ನೂ ಚೆಂದ. ಇದ್ದಷ್ಟರಲ್ಲಿ ಮಾಡೋಣ. ಎತ್ತಿದ ಮೇಲೂ ಕಾಮಿನಿಯನ್ನು ಪೂರ್ತಿ ಬೋಳು ಮಾಡಬೇಡಿ. ಪ್ರತಿ ಕಾಂಡದಲ್ಲೂ ಒಂದಿಷ್ಟು ಎಲೆ ಉಳಿಯಲಿ.

ದಾಳಿಂಬೆಗೂ ಇದೇ ಅರ್ಧ ಕಾಲುವೆ ಕ್ರಮ. ಅದು ಕಾಮಿನಿಗಿಂತ ಗಟ್ಟಿ ಜೀವ. ಹಳೇ ದಾಳಿಂಬೆಯ ಕಾಂಡ ತಾನಾಗೇ ಹುರಿಗಟ್ಟಿಕೊಳ್ಳುತ್ತದೆ, ಒಂದು ಕಡೆ ಸತ್ತ ಮರ, ಇನ್ನೊಂದು ಕಡೆ ಜೀವ ಇರುವ ತೊಗಟೆ ಸುತ್ತಿಕೊಂಡು ಹೋಗಿರುತ್ತದೆ. ಸತ್ತ ಭಾಗವನ್ನು ಕೆತ್ತಿ ಹಾಕಬೇಡಿ, ಅದೇ ಅದರ ಅಂದ. ಬುಡದಿಂದ ಏಳುವ ನೆಟ್ಟನೆ ಕಂದುಗಳನ್ನು ಮಾತ್ರ ಈಗಲೇ ಕಿತ್ತುಹಾಕಿ. ಬಾವಿ ಪಕ್ಕ ಅಂದಿರಿ. ಬಾವಿಕಟ್ಟೆಯ ಕಲ್ಲಿನ ಕೆಳಗೆ ಬೇರು ಹೋಗಿದ್ದರೆ ಎಳೆಯಲು ಹೋಗಬೇಡಿ, ಕಟ್ಟೆಯ ಅಂಚಿಗೇ ಕತ್ತರಿಸಿ. ಕೆಳಗಿನ ಬುಡ ಸಪ್ಪೆಯಾಗಿದ್ದು ಮೇಲೊಂದು ಕೊಂಬೆ ಚೆನ್ನಾಗಿ ತಿರುಚಿದ್ದರೆ, ಇವತ್ತೇ ಅದಕ್ಕೆ ಗೂಟಿ ಕಟ್ಟಿಬಿಡಿ. ಒಂದೂವರೆ ಇಂಚು ತೊಗಟೆ ಉಂಗುರ ತೆಗೆದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಿರಿ. ಜೂನ್ ಹೊತ್ತಿಗೆ ಬೇರು ಕಂಡರೆ ಲಾಭ, ಕಾಣದಿದ್ದರೆ ನಷ್ಟ ಏನೂ ಇಲ್ಲ.

ಇನ್ನು ಅರಳಿ. ನಮ್ಮೂರುಗಳ ಹಳೇ ಗೋಡೆಗಳಲ್ಲಿ ಹಕ್ಕಿಯ ಹಿಕ್ಕೆಯಿಂದ ಹುಟ್ಟುವ ಅರಳಿ, ಆಲ, ಬಸರಿ ಗಿಡಗಳಿಗಿಂತ ಒಳ್ಳೆಯ ಬೋನ್ಸಾಯ್ ಸಾಮಗ್ರಿ ಹುಡುಕಿದರೂ ಸಿಗುವುದು ಕಷ್ಟ, ಇದು ನನ್ನ ಅಭಿಪ್ರಾಯ. ಮಣ್ಣಿಲ್ಲದೆ, ನೀರಿಲ್ಲದೆ ಬದುಕಲು ಅವು ಬುಡದಲ್ಲಿ ಆಹಾರ ಕೂಡಿಟ್ಟುಕೊಂಡು ಉಬ್ಬಿರುತ್ತವೆ. ಬೇರುಗಳು ಇಟ್ಟಿಗೆಯ ಸಂದಿಯ ಅಳತೆಗೆ ಚಪ್ಪಟೆಯಾಗಿ ಹರಡಿರುತ್ತವೆ. ಎಳೆದರೆ ಮಾತ್ರ ಬುಡದಲ್ಲೇ ಮುರಿದು ಕೈಗೆ ಬರುತ್ತದೆ. ಜೆಸಿಬಿ ಆ ಗೋಡೆಗೆ ಬರುವ ಮುಂಚೆ ಒಬ್ಬ ಗಾರೆ ಕೆಲಸದವರನ್ನು ಕರೆದು, ಸುತ್ತಿಗೆ, ಚಾಣದಲ್ಲಿ ಗಿಡದ ಸುತ್ತಲಿನ ಇಟ್ಟಿಗೆಯನ್ನು ಒಂದೊಂದಾಗಿ ಬಿಡಿಸಿಸಿ. ಹಳೇ ಮನೆಯಾದರೆ ಸುಣ್ಣದ ಗಾರೆ ಇರುತ್ತದೆ, ಸುಲಭವಾಗಿ ಪುಡಿಯಾಗುತ್ತದೆ. ಬೇರಿಗೆ ಅಂಟಿಕೊಂಡ ಒಂದೆರಡು ಇಟ್ಟಿಗೆ ಇದ್ದರೆ ಹಾಗೇ ಇರಲಿ, ಕಲ್ಲಿನ ಮೇಲೆ ಬೇರು ತಬ್ಬಿದ ಶೈಲಿಗೆ ಅದೇ ಶುರು ಆಗುತ್ತದೆ. ಕತ್ತರಿಸಿದ ಕಡೆಯೆಲ್ಲ ಹಾಲು ಸುರಿಯುತ್ತದೆ. ನೀರಲ್ಲಿ ತೊಳೆದು, ಇದ್ದಿಲ ಪುಡಿ ಒತ್ತಿ, ನೆರಳಲ್ಲಿ ಅರ್ಧ ಗಂಟೆ ಬಿಟ್ಟು ನೆಡಿ. ಎಲೆ ದೊಡ್ಡದು ಅಂತ ಹಿಂಜರಿಯಬೇಡಿ. ಗಿಡ ಕುಂಡದಲ್ಲಿ ಬಲಿತ ಮೇಲೆ ಬೇಸಿಗೆಯಲ್ಲಿ ಎಲೆ ಕಿತ್ತರೆ ಮುಂದೆ ಬರುವವು ಸಣ್ಣಗಾಗುತ್ತವೆ.

ಅಮ್ಮನ ಮಾತಿಗೆ ಬರುತ್ತೇನೆ. ಮನೆಯ ಗೋಡೆಯಲ್ಲಿ ಅರಳಿ ಬೆಳೆಯಬಾರದು ಅನ್ನುವುದರಲ್ಲಿ ಅನುಭವದ ಮಾತು ಇದೆ, ಬೇರು ಗೋಡೆ ಸೀಳುತ್ತದೆ. ನಿಮ್ಮ ಬಚ್ಚಲ ಗೋಡೆಯೇ ಸಾಕ್ಷಿ ಅಲ್ವಾ? ಕುಂಡದಲ್ಲಿ ಆ ಭಯ ಇಲ್ಲ. ಉಳಿದದ್ದು ನಂಬಿಕೆ. ಅದನ್ನು ತೋಟಗಾರಿಕೆಯವನು ತೀರ್ಮಾನ ಮಾಡಲು ಆಗುವುದಿಲ್ಲ. ನಂಜನಗೂಡು ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದೊಳಗೆ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟ ಇದೆ. ನಿಮ್ಮೂರಲ್ಲೇ ಇರುವುದರಿಂದ ಒಂದು ಬೆಳಿಗ್ಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಬುಡ ಅಂದರೆ ಹೇಗಿರಬೇಕು ಅಂತ ನಿಮಗೂ ಗೊತ್ತಾಗುತ್ತದೆ. ಆಮೇಲೂ ಅವರಿಗೆ ಮನಸ್ಸು ಒಪ್ಪದಿದ್ದರೆ ಗಿಡವನ್ನು ಹಟಕ್ಕೆ ಇಟ್ಟುಕೊಳ್ಳಬೇಡಿ. ಒಂದು ಮಳೆಗಾಲ ಸಾಕಿ, ಕಟ್ಟೆ ಕಟ್ಟಿಸಲು ಅರಳಿ ಹುಡುಕುವ ಯಾವುದಾದರೂ ದೇವಸ್ಥಾನದವರಿಗೆ ಕೊಡಿ. ಸಂತೋಷವಾಗಿ ತೆಗೆದುಕೊಂಡು ಹೋಗುತ್ತಾರೆ.

ಎತ್ತುವ ಹಿಂದಿನ ಎರಡು ದಿನ ಗಿಡಕ್ಕೆ ಚೆನ್ನಾಗಿ ನೀರು ಕುಡಿಸಿ. ಎತ್ತುವುದು ಸಂಜೆಯಾಗಲಿ, ಇಲ್ಲವೇ ಮೋಡದ ದಿನ. ಏಪ್ರಿಲ್ ಬಿಸಿಲಿಗೆ ಬಿಳಿ ಬೇರು ಹತ್ತೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಎತ್ತಿದ ಕೂಡಲೇ ಒದ್ದೆ ಗೋಣಿ ಸುತ್ತಿ. ತೆರೆದ ಟೆಂಪೋದಲ್ಲಿ ಸಾಗಿಸುವುದಾದರೆ ಮೇಲೊಂದು ಟಾರ್ಪಾಲು ಇರಲಿ, ಗಾಳಿಯೂ ಬಿಸಿಲಷ್ಟೇ ಕೆಟ್ಟದ್ದು. ಅಗೆಯುವ ಮುಂಚೆ ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲಿ ಹೋಗಿದೆ ಅಂತ ಮನೆಯ ಹಿರಿಯರನ್ನು ಕೇಳಿಟ್ಟುಕೊಳ್ಳಿ.

ನೆಡುವ ಮಣ್ಣಿನ ಬಗ್ಗೆ ಸ್ವಲ್ಪ ಹಟ ಮಾಡುತ್ತೇನೆ. ತೋಟದ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಎರಡೂ ಬೇಡ. ಬೇರಿಲ್ಲದ ಗಿಡಕ್ಕೆ ಈಗ ಬೇಕಾದದ್ದು ಊಟವಲ್ಲ, ಉಸಿರಾಡುವ ಜಾಗ. ಮೂರು ಪಾಲು ಇಟ್ಟಿಗೆ ಚೂರು, ಒಂದು ಪಾಲು ದಪ್ಪ ಮರಳು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ. ಇಟ್ಟಿಗೆ ಎಲ್ಲಿಂದ ಅಂತ ಕೇಳಬೇಡಿ, ನಿಮ್ಮ ಮನೆಯೇ ಬೀಳುತ್ತಿದೆಯಲ್ಲ! ಹಳೇ ನಾಡ ಇಟ್ಟಿಗೆ ಮೆತ್ತಗೆ, ನೀರು ಹಿಡಿಯುತ್ತದೆ, ಇದಕ್ಕೆ ಹೊಸ ಇಟ್ಟಿಗೆಗಿಂತ ವಾಸಿ. ಬೋಗನ್‌ವಿಲ್ಲಾಗೆ ಈಗಲೇ ಬೇಕಲ್ಲ, ಹಿತ್ತಲಲ್ಲಿ ಬಿದ್ದಿರುವ ನಾಲ್ಕು ಇಟ್ಟಿಗೆ ಸಾಕು. ಆದರೆ ಅಂಟಿದ ಸುಣ್ಣದ ಗಾರೆಯನ್ನು ಪೂರ್ತಿ ಕೆರೆದು ತೆಗೆಯಬೇಕು. ಸುಣ್ಣ ಬೆರೆತರೆ ಮಣ್ಣು ಕ್ಷಾರವಾಗುತ್ತದೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಚಿಗುರು ಹಳದಿ ಬರುತ್ತದೆ. ಕಾಮಿನಿಯಂತೂ ಮೊದಲು ತೋರಿಸುತ್ತದೆ. ಗಾರೆ ತೆಗೆದ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಹೆಸರುಕಾಳಿನಿಂದ ಕಡಲೆಕಾಳಿನ ಅಳತೆಯ ಚೂರು ಮಾತ್ರ ಇಟ್ಟುಕೊಳ್ಳಿ. ಪುಡಿಯನ್ನು ಬಿಸಾಕಿ. ಎಂ ಸ್ಯಾಂಡ್ ಬಳಸಿದರೆ ಅದರ ದೂಳನ್ನೂ ತೊಳೆದು ತೆಗೆಯಬೇಕು. ಒಡೆದ ಹೆಂಚು ಕುಂಡದ ತೂತಿನ ಮೇಲೆ ಮುಚ್ಚಲು ಸಾಕು.

ಚಂದದ ಬೋನ್ಸಾಯ್ ತಟ್ಟೆಗೆ ಈಗಲೇ ಆಸೆಪಡಬೇಡಿ. ಟೊಮೆಟೊ ಕ್ರೇಟಿನ ಒಳಗೆ ಹಸಿರು ನೆಟ್ ಹಾಸಿದರೆ ಅದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೆ ಇಲ್ಲ. ನಾಲ್ಕೂ ಕಡೆಯಿಂದ ಗಾಳಿ ಆಡುತ್ತದೆ. ಬುಡವನ್ನು ಒಂದೆರಡು ಇಂಚು ಆಳಕ್ಕೇ ಹೂಳಿ, ಬೇರಿನ ಹರವು ಈಗ ಕಾಣಬೇಕಿಲ್ಲ. ಕಾಂಡವನ್ನು ಕ್ರೇಟಿಗೆ ಹಗ್ಗದಿಂದ ಎರಡು ಮೂರು ಕಡೆ ಬಿಗಿಯಾಗಿ ಕಟ್ಟಿ. ಕೈಯಿಂದ ತಳ್ಳಿದರೆ ಗಿಡ ಅಲ್ಲಾಡಿದರೆ ಸಾಲದು, ಕ್ರೇಟೇ ಅಲ್ಲಾಡಬೇಕು. ಹೊಸ ಬೇರು ದಾರಕ್ಕಿಂತ ಸಣ್ಣದು, ಪ್ರತಿ ಅಲುಗಾಟಕ್ಕೂ ಮುರಿಯುತ್ತದೆ. ಎತ್ತಿದ ಗಿಡಗಳು ಸಾಯುವುದಕ್ಕೆ ನಾನು ಕಂಡಂತೆ ದೊಡ್ಡ ಕಾರಣ ಎರಡು: ಅಲುಗಾಟ, ಮತ್ತು ಜಾಸ್ತಿ ನೀರು.

ಮೂರನೇ ಕಾರಣ ನೀವೇ ಆಗಬಹುದು. ನೆಟ್ಟ ಮೂರು ವಾರಕ್ಕೆ ಬೋಗನ್‌ವಿಲ್ಲಾ ಮೈತುಂಬಾ ಚಿಗುರುತ್ತದೆ. ಗೆದ್ದೆ ಅಂತ ಅನ್ನಿಸುತ್ತದೆ, ಬಿಸಿಲಿಗೆ ಇಡುತ್ತೀರಿ, ಗೊಬ್ಬರ ಹಾಕುತ್ತೀರಿ. ಆರನೇ ವಾರ ಚಿಗುರೆಲ್ಲ ಜೋತುಬೀಳುತ್ತದೆ. ಆ ಮೊದಲ ಚಿಗುರು ಕಾಂಡದಲ್ಲಿ ಕೂಡಿಟ್ಟ ಗಂಜಿಯ ಬಲದಿಂದ ಬಂದದ್ದು. ಕೆಳಗೆ ಒಂದು ಬೇರೂ ಇಲ್ಲದೆ ಬರಬಹುದು. ಅದನ್ನು ನಂಬಬೇಡಿ. ಚಿಗುರು ನಿಂತು, ಎಲೆ ಗಟ್ಟಿಯಾಗಿ, ಎರಡನೇ ಸಲ ಕುಡಿ ಓಡಲು ಶುರುಮಾಡಿದರೆ, ಕ್ರೇಟಿನ ಸಂದಿಯಲ್ಲಿ ಬಿಳಿ ಬೇರಿನ ತುದಿ ಇಣುಕಿದರೆ, ಆಗ ಬದುಕಿತು ಅನ್ನಿ. ಅಲ್ಲಿಯವರೆಗೆ ಶೇಡ್ ನೆಟ್ಟಿನ ನೆರಳು, ಮೇಲಿನ ಒಂದು ಇಂಚು ಒಣಗಿದಾಗ ಮಾತ್ರ ನೀರು, ಸೆಕೆಯ ಮಧ್ಯಾಹ್ನ ಕಾಂಡಕ್ಕೆ ಒಂದು ಸಿಂಪಡಿಕೆ, ಇಷ್ಟೇ. ಬೇರು ಬಂತಾ ಅಂತ ಎಳೆದು ನೋಡುವುದು ಬೇಡವೇ ಬೇಡ. ಅನುಮಾನ ಬಂದರೆ ಉಗುರಿನಿಂದ ತೊಗಟೆ ಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಕಾಯಿರಿ, ದಾಳಿಂಬೆ, ಕಾಮಿನಿ ಎರಡು ತಿಂಗಳು ಸುಮ್ನೆ ಕೂತು ಆಮೇಲೆ ಚಿಗುರುವುದೂ ಉಂಟು. ಗೆದ್ದಲು ಬರದಂತೆ ಮೇಲೆ ಒಂದು ಹಿಡಿ ಬೇವಿನ ಹಿಂಡಿ ಉದುರಿಸಿ.

ಮೊದಲ ವರ್ಷ ತಂತಿ ಇಲ್ಲ, ಕತ್ತರಿ ಇಲ್ಲ. ಬಂದ ಚಿಗುರನ್ನೆಲ್ಲ ಬೆಳೆಯಲು ಬಿಡಿ, ಎಷ್ಟು ಉದ್ದ ಹೋಗುತ್ತದೋ ಹೋಗಲಿ, ಆ ಎಲೆಗಳೇ ಬೇರಿಗೆ ಊಟ ಕಳಿಸುವುದು. ಎರಡನೇ ವರ್ಷ ಮೇಲಿನ ಒಂದು ಚಿಗುರನ್ನು ಮುಂದಿನ ತುದಿ ಅಂತ ಆರಿಸಿ, ಪಕ್ಕಕ್ಕೆ ಮೂರು ನಾಲ್ಕು ಕೊಂಬೆ ಉಳಿಸಿ, ಎಳೆಯದಿರುವಾಗಲೇ ಅಲ್ಯೂಮಿನಿಯಂ ತಂತಿಯಲ್ಲಿ ಬಾಗಿಸಿ. ತಟ್ಟೆಗೆ ಏರಿಸುವ ಮಾತು ಬೋಗನ್‌ವಿಲ್ಲಾಗೆ ಮೂರನೇ, ನಾಲ್ಕನೇ ವರ್ಷ. ಕಾಮಿನಿಗೆ ಇನ್ನೂ ತಡ.

ಒಮ್ಮೆ ರುಚಿ ಹತ್ತಿದರೆ ಕಣ್ಣು ಎಲ್ಲೆಲ್ಲೂ ಓಡುತ್ತದೆ, ಅದಕ್ಕೊಂದು ಎಚ್ಚರಿಕೆ. ಜಪಾನಿನಲ್ಲಿ ಇತೊಯಿಗಾವಾ ಕಡೆಯ ಬಂಡೆಗಳಿಂದ ಹಗ್ಗ ಕಟ್ಟಿಕೊಂಡು ಇಳಿದು ಹಳೇ ಜೂನಿಪರ್ ಕಿತ್ತು ತಂದರು. ಬೋನ್ಸಾಯ್ ಜಗತ್ತು ಅವನ್ನು ಇವತ್ತಿಗೂ ಹೊಗಳುತ್ತದೆ, ಬೆಟ್ಟದಲ್ಲಿ ಮಾತ್ರ ಅಂಥವು ಬಹುತೇಕ ಖಾಲಿ. ಚಾಮುಂಡಿ ಬೆಟ್ಟದ ಬಂಡೆ ಸಂದಿಯ ಗಿಡ ಎಷ್ಟೇ ಚೆನ್ನಾಗಿರಲಿ, ಕಾಯ್ದಿಟ್ಟ ಅರಣ್ಯದಿಂದ ಕೀಳುವುದು ಅಪರಾಧ. ಲಂಟಾನದಂಥ ಕಳೆಯಾದರೂ ಕಾಡಿನೊಳಗಿಂದ ನಿಮ್ಮಷ್ಟಕ್ಕೆ ತರುವ ಹಾಗಿಲ್ಲ. ಪರಿಚಯದವರ ಖಾಲಿ ಸೈಟಿನಲ್ಲಿದ್ದರೆ ಕೇಳಿ ತೆಗೆಯಿರಿ, ಹಳೇ ಲಂಟಾನದ ಬುಡ ಸೊಗಸಾಗಿರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಲ್ಲಿ ಕುರ್ಚಿ, ಸೋಫಾನೇ ಮಾಡುತ್ತಾರೆ. ಹೇಗೂ ನಿಮ್ಮ ಬಡಾವಣೆಯಲ್ಲೇ ವರ್ಷಕ್ಕೆ ನಾಲ್ಕಾರು ಹಳೇ ಮನೆ ಬೀಳುತ್ತಿರಬಹುದು. ಗೇಟಿನ ಹತ್ತಿರ ನಿಂತು ಮನೆಯವರನ್ನು ಕೇಳಿ. ಮೇಸ್ತ್ರಿಯನ್ನು ಕೇಳಿದರೆ ಸಾಲದು, ಗಿಡ ಅವರದ್ದಲ್ಲ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಮನೆ ಏಳುವವರೆಗೆ ಈ ಕ್ರೇಟುಗಳು ಎಲ್ಲಿರುತ್ತವೆ? ಸೈಟಿನ ಮೂಲೆಯಲ್ಲಿ ಇಡಬೇಡಿ. ಸಿಮೆಂಟ್ ದೂಳು, ಕ್ಯೂರಿಂಗ್ ಮಾಡಿದ ನೀರು ಎರಡೂ ಸುಣ್ಣದಷ್ಟೇ ಕೆಟ್ಟವು. ಮೇಲಾಗಿ ಕೆಲಸದವರು ಕೈ ತೊಳೆದ ನೀರನ್ನು "ಗಿಡಕ್ಕೆ ಒಳ್ಳೆಯದಾಗಲಿ" ಅಂತ ಅಲ್ಲೇ ಸುರಿಯುತ್ತಾರೆ. ಬಾಡಿಗೆ ಮನೆಯ ತಾರಸಿ ಅಂದರೆ ಮಾಲೀಕರಿಗೆ ಮುಂಚೆಯೇ ಹೇಳಿಬಿಡಿ, ನೀರು ಹಿಡಿದ ಕ್ರೇಟು ಒಬ್ಬರ ಕೈಯಲ್ಲಿ ಏಳುವುದಿಲ್ಲ. ತಾರಸಿಯ ನಟ್ಟನಡುವೆ ಬೇಡ, ಕೆಳಗೆ ಗೋಡೆ ಇರುವ ಅಂಚಿಗೆ ಇಡಿ. ಬಿಸಿ ಕಾಂಕ್ರೀಟು ಕ್ರೇಟಿಗೆ ತಾಗದಂತೆ ಅಡಿಗೆ ಎರಡೆರಡು ಇಟ್ಟಿಗೆ ಕೊಡಿ. ಪೂರ್ವದ ಬಿಸಿಲು ಬಿದ್ದು ಮಧ್ಯಾಹ್ನಕ್ಕೆ ನೆರಳಾಗುವ ಕಡೆ ಸಿಕ್ಕರೆ ಆ ಜಾಗವನ್ನು ಬೋಗನ್‌ವಿಲ್ಲಾಗೆ ಅಲ್ಲ, ಕಾಮಿನಿಗೆ ಕೊಡಿ.